ಅಜಾಕ್ಸ್ ಕರೆಯೋ, ಫ್ರೇಮ್‌ವರ್ಕ್ ಕಾಂಪೊನೆಂಟೋ: ಪುಟದ ಲೆಕ್ಕ ಯಾರ ಕೈಯಲ್ಲಿರಬೇಕು?

ಹುಬ್ಬಳ್ಳಿ-ಧಾರವಾಡದ ಸಣ್ಣ ಸಾಫ್ಟ್‌ವೇರ್ ಕಚೇರಿಗಳಿಗೆ ಬರುವ ಕೆಲಸಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು: ಸಹಕಾರಿ ಸಂಘದ ಸಾಲದ ಲೆಕ್ಕ, ಬೀಜ-ಗೊಬ್ಬರದ ಅಂಗಡಿಯ ದಾಸ್ತಾನು, ಕಾಲೇಜಿನ ಶುಲ್ಕದ ಪಾವತಿ, ಮಾರುಕಟ್ಟೆಯ ದಲಾಲಿ ಅಂಗಡಿಯ ವ್ಯವಹಾರ. ಇಂಥ ಕೆಲಸ ಕೈಗೆ ಬಂದ ಮೊದಲ ದಿನಗಳಲ್ಲೇ ಒಂದು ಚರ್ಚೆ ಏಳುತ್ತದೆ. ಪುಟವನ್ನು ಸರ್ವರಿನಲ್ಲೇ ಕಟ್ಟಿ ಕಳುಹಿಸಿ, ಬೇಕಾದ ಕಡೆ ಮಾತ್ರ ಅಜಾಕ್ಸ್ ಕರೆ ಮಾಡಿ (ಅಂದರೆ ಪುಟವನ್ನು ಮತ್ತೆ ಲೋಡ್ ಮಾಡದೆ ಸರ್ವರಿನಿಂದ ಮಾಹಿತಿ ತರಿಸಿ) ಅಷ್ಟು ಭಾಗವನ್ನು ಬದಲಿಸಿದರೆ ಸಾಕೇ, ಅಥವಾ ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್‌ಗಳಂಥ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು, ಹಿಡಿದು ಇಡೀ ಪುಟವನ್ನು ಕಾಂಪೊನೆಂಟುಗಳೆಂಬ ಬಿಡಿಭಾಗಗಳಿಂದ ಕಟ್ಟಬೇಕೇ ಎಂಬುದು ಆ ಚರ್ಚೆ. ಅದು ಬಹಳ ಸಲ ಹಳತು-ಹೊಸತರ ಜಗಳವಾಗಿ ಮುಗಿಯುತ್ತದೆ. ಹೊಸದಾಗಿ ಸೇರಿದವರು ಫ್ರೇಮ್‌ವರ್ಕಿನ ಕಡೆ, ವರ್ಷಗಟ್ಟಲೆ ಜೇಕ್ವೆರಿ ಎಂಬ ಹಳೆಯ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದವರು ಕರೆಯ ಕಡೆ. ವಾಸ್ತವವಾಗಿ ಅಜಾಕ್ಸ್ ದತ್ತಾಂಶವನ್ನು ತರುವ ದಾರಿ, ಕಾಂಪೊನೆಂಟ್ ತಂದದ್ದನ್ನು ತೆರೆಯ ಮೇಲೆ ಹೊಂದಿಸಿ ಇಡುವ ಕ್ರಮ. ಕಾಂಪೊನೆಂಟ್ ಕೂಡ ಒಳಗೊಳಗೆ ಅಜಾಕ್ಸ್ ಕರೆಯನ್ನೇ ಮಾಡುತ್ತದೆ. ಹಾಗಾಗಿ ತೀರ್ಮಾನಿಸಬೇಕಾದ ಸಂಗತಿ ಇದು: ಪುಟ ತೆರೆದಿರುವಷ್ಟು ಹೊತ್ತು ಅದರ ಸದ್ಯದ ಸ್ಥಿತಿ ಸರ್ವರಿನಲ್ಲಿ ಇರಬೇಕೋ ಬ್ರೌಸರಿನಲ್ಲಿ ಇರಬೇಕೋ, ಮತ್ತು ಅದು ಬದಲಾದಾಗ ತೆರೆಯನ್ನು ಸರಿಪಡಿಸುವ ಹೊಣೆ ಯಾರದು.

ಅಜಾಕ್ಸ್‌ನ ಹಿಂದಿರುವ ಉಪಕರಣ ಹಳೆಯದು. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ, ಔಟ್‌ಲುಕ್ ಅಂಚೆಯ ವೆಬ್ ರೂಪಕ್ಕೆ ಬೇಕಾಯಿತೆಂದು, ಪುಟವನ್ನು ಮತ್ತೆ ಲೋಡ್ ಮಾಡದೆ ಸರ್ವರಿನಿಂದ ಮಾಹಿತಿ ತರುವ ಒಂದು ವಸ್ತುವನ್ನು ಕೊಟ್ಟಿತು. ಮುಂದೆ ಎಲ್ಲ ಬ್ರೌಸರುಗಳೂ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಎಂಬ ಹೆಸರಿನಲ್ಲಿ ಅದನ್ನು ಅಳವಡಿಸಿಕೊಂಡವು. 2004ರ ಏಪ್ರಿಲ್‌ನಲ್ಲಿ ಜಿಮೇಲ್, 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಆ ತಂತ್ರದ ಬಲ ಜನಸಾಮಾನ್ಯರಿಗೂ ಕಂಡಿತು. ಅದೇ 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ತಮ್ಮ ಲೇಖನದಲ್ಲಿ ಅದಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. 2006ರಲ್ಲಿ ಬಂದ ಜೇಕ್ವೆರಿ ಬ್ರೌಸರುಗಳ ನಡುವಿನ ವ್ಯತ್ಯಾಸಗಳನ್ನು ಮುಚ್ಚಿ ಕರೆ ಮಾಡುವುದನ್ನು ಸಲೀಸು ಮಾಡಿತು. ಈಗ ಬ್ರೌಸರಿನಲ್ಲೇ ಕರೆ ಮಾಡಲು ಫೆಚ್ ಎಂಬ ಫಂಕ್ಷನ್ ಇದೆ. ಅಜಾಕ್ಸ್ ಎಂಬ ಹೆಸರಿನ ಕೊನೆಯ ಅಕ್ಷರ ಸೂಚಿಸುವ ಎಕ್ಸ್‌ಎಂಎಲ್ ಬದಲು ಸಾಮಾನ್ಯವಾಗಿ ಜೇಸನ್ ಎಂಬ ರೂಪದ ದತ್ತಾಂಶ ಓಡಾಡುತ್ತದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಕಾಂಪೊನೆಂಟ್ ಎಂಬ ಮಾತಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ, ಅವುಗಳನ್ನು ಬಿಡಿಸಿ ನೋಡದಿದ್ದರೆ ಮುಂದಿನ ಮಾತೆಲ್ಲ ಕಲಸಿಹೋಗುತ್ತದೆ. ಒಂದು ಬಗೆಯವು ಸರ್ವರಿನಲ್ಲಿ ಬದುಕುವಂಥವು: 2007ರಲ್ಲಿ ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್‌ನೆಟ್‌ಗೆ ಬಂದ ಅಪ್‌ಡೇಟ್‌ಪ್ಯಾನೆಲ್, ಜಾವಾ ಫ್ರೇಮ್‌ವರ್ಕ್ ಆದ ಜೆಎಸ್‌ಎಫ್‌ನ 2009ರ 2.0 ಆವೃತ್ತಿಯಲ್ಲಿ ಸೇರಿದ ಅಜಾಕ್ಸ್ ಟ್ಯಾಗ್ ಮುಂತಾದವು. ಇವುಗಳಲ್ಲಿ ಪ್ರೋಗ್ರಾಮರ್ ಒಂದು ಸಾಲಿನ ಜಾವಾಸ್ಕ್ರಿಪ್ಟನ್ನೂ ಬರೆಯಬೇಕಾಗಿಲ್ಲ. ಕರೆಯನ್ನು ಫ್ರೇಮ್‌ವರ್ಕೇ ಮಾಡಿ, ಬಂದ ತುಣುಕನ್ನು ತಾನೇ ಪುಟದಲ್ಲಿ ಕೂರಿಸುತ್ತದೆ. ಇನ್ನೊಂದು ಬಗೆಯವು ಬ್ರೌಸರಿನಲ್ಲಿ ಬದುಕುವಂಥವು: 2013ರಲ್ಲಿ ಹೊರಬಂದ ರಿಯಾಕ್ಟ್, 2014ರ ವ್ಯೂ, ಅವಕ್ಕೂ ಮೊದಲಿನ ಆ್ಯಂಗ್ಯುಲರ್‌ಜೆಎಸ್. ಇಲ್ಲಿ ಸ್ಥಿತಿ ಬ್ರೌಸರಿನ ನೆನಪಿನಲ್ಲಿರುತ್ತದೆ, ಸರ್ವರು ದತ್ತಾಂಶ ಕೊಡುವ ಮತ್ತು ಪಡೆಯುವ ಕೆಲಸಕ್ಕೆ ಸೀಮಿತವಾಗುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೂ ಅವುಗಳ ಖರ್ಚು ಬೀಳುವ ಜಾಗ ಬೇರೆ.

ಮಾತು ಗಾಳಿಯಲ್ಲಿ ಉಳಿಯದಂತೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಒಣಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಂಗಾಮಿನ ದಿನಗಳಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಆವಕವಾಗುವುದುಂಟು. ರೈತರ ಮಾಲು ದಲಾಲಿ ಅಂಗಡಿಗಳ ಮುಂದೆ ಲಾಟುಗಳಾಗಿ ಇಳಿಯುತ್ತದೆ, ಖರೀದಿದಾರರು ನೋಡಿ ಟೆಂಡರಿನಲ್ಲಿ ದರ ಹಾಕುತ್ತಾರೆ, ಹೆಚ್ಚಿನ ದರಕ್ಕೆ ಲಾಟ್ ಹೋಗುತ್ತದೆ, ಆಮೇಲೆ ತೂಕ, ಆಮೇಲೆ ರೈತನಿಗೆ ಸಲ್ಲುವ ಹಣದ ಲೆಕ್ಕದ ಪಟ್ಟಿ. ಅಧಿಕೃತ ಟೆಂಡರ್ ವ್ಯವಸ್ಥೆಯನ್ನು ಬದಿಗಿಡೋಣ. ಅಲ್ಲಿನ ಒಂದು ದಲಾಲಿ ಅಂಗಡಿ ತನ್ನ ಒಳಲೆಕ್ಕಕ್ಕೆ ವೆಬ್ ಆ್ಯಪ್ ಕೇಳಿದೆ ಎಂದು ಊಹಿಸಿಕೊಳ್ಳೋಣ. ಅದಕ್ಕೆ ಎರಡು ಪುಟ ಬೇಕು. ಮೊದಲನೆಯದರಲ್ಲಿ ರೈತ ತನ್ನ ಮೊಬೈಲಿನಿಂದ ಲಾಟ್ ಸಂಖ್ಯೆ ಹಾಕಿದರೆ ಮೆಣಸಿನಕಾಯಿ ಕಡ್ಡಿ ಬಗೆಯದೋ ಡಬ್ಬಿ ಬಗೆಯದೋ, ಎಷ್ಟು ಚೀಲ, ಯಾವ ದರಕ್ಕೆ ಹೋಯಿತು ಎಂಬುದು ಕಾಣಬೇಕು. ಎರಡನೆಯದು ಅಂಗಡಿಯ ಗುಮಾಸ್ತರದು: ಒಬ್ಬ ರೈತನ ಎಲ್ಲ ಲಾಟುಗಳ ತೂಕ, ದರ, ಹಮಾಲಿ, ತೂಕದ ಖರ್ಚು, ಮೊದಲೇ ಕೊಟ್ಟ ಮುಂಗಡ ಇವನ್ನೆಲ್ಲ ತುಂಬಿ ಪಟ್ಟಿ ತಯಾರಿಸುವ ಪುಟ, ಅದರ ಜೊತೆಗೆ ಆಯಾ ಖರೀದಿದಾರರ ಬಿಲ್ಲು.

ಮೊದಲನೆಯ ಪುಟದ ಸತ್ಯವೆಲ್ಲ ಸರ್ವರಿನಲ್ಲಿದೆ. ರೈತ ಅದನ್ನು ಬದಲಿಸುವುದಿಲ್ಲ, ನೋಡುತ್ತಾನೆ ಅಷ್ಟೆ. ಬದಲಾಗುವ ಜಾಗವೂ ಒಂದೇ, ಫಲಿತಾಂಶದ ಚೌಕ. ಇದಕ್ಕೆ ಫ್ರೇಮ್‌ವರ್ಕ್ ಹೇರುವುದು ದುಂದು. ಸರ್ವರು ಆ ಚೌಕದಷ್ಟೇ ಎಚ್‌ಟಿಎಂಎಲ್ ತುಣುಕನ್ನು ಕಟ್ಟಿ ಕಳುಹಿಸಲಿ, ಬ್ರೌಸರು ಅದನ್ನು ಜಾಗದಲ್ಲಿ ಇಡಲಿ, ಕೆಲಸ ಮುಗಿಯಿತು. ಇಲ್ಲಿ ಜೇಸನ್ ಕಳುಹಿಸಬೇಕೆಂಬ ಹಟ ಬೇಡ. ಜೇಸನ್ ಕಳುಹಿಸಿದ ಕೂಡಲೇ ಅದನ್ನು ಎಚ್‌ಟಿಎಂಎಲ್ ಮಾಡುವ ಎರಡನೆಯ ಅಚ್ಚು ಬ್ರೌಸರಿನಲ್ಲಿ ಬೇಕಾಗುತ್ತದೆ. ಮೊದಲ ಸಲ ಪುಟ ತೆರೆದಾಗ ಸರ್ವರಿನ ಅಚ್ಚು, ಆಮೇಲೆ ಬ್ರೌಸರಿನ ಅಚ್ಚು, ಎರಡರಲ್ಲಿ ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಒಂದೇ ಲಾಟ್ ಎರಡು ರೀತಿ ಕಾಣುತ್ತದೆ. ಅಷ್ಟೇ ಅಲ್ಲ, ಆ ಎರಡನೆಯ ಅಚ್ಚನ್ನು ಅವಸರದಲ್ಲಿ ಅಕ್ಷರಮಾಲೆಗಳನ್ನು ಕೂಡಿಸಿ ಬರೆಯುವ ಚಾಳಿ ಇದೆ. ಹೆಸರಿನ ಜಾಗದಲ್ಲಿ ಯಾರಾದರೂ ಟ್ಯಾಗ್ ತುಂಬಿದ್ದರೆ ಅದು ನೇರವಾಗಿ ಪುಟದೊಳಗೆ ಹೋಗಿ ಓಡುತ್ತದೆ. ರಿಯಾಕ್ಟ್‌ನಂಥ ಫ್ರೇಮ್‌ವರ್ಕುಗಳು ಪಠ್ಯವನ್ನು ಪಠ್ಯವಾಗಿಯೇ ಇಡುತ್ತವೆ, ಟ್ಯಾಗೆಂದು ಓದುವುದಿಲ್ಲ. ಕೈಯಿಂದ ಬರೆಯುವವರು ಆ ಎಚ್ಚರವನ್ನು ತಾವೇ ವಹಿಸಬೇಕು.

ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಈ ಪುಟಕ್ಕೆ ಅಜಾಕ್ಸ್ ಕೂಡ ಬೇಕೇ ಎಂದು ಕೇಳಬಹುದು. ಸಾದಾ ಫಾರಂ ಒಂದಿದ್ದು, ಲಾಟ್ ಸಂಖ್ಯೆ ವಿಳಾಸದಲ್ಲೇ ಸೇರಿ ಹೊಸ ಪುಟ ತೆರೆದರೆ, ಆ ವಿಳಾಸವನ್ನು ರೈತ ವಾಟ್ಸ್‌ಆ್ಯಪಿನಲ್ಲಿ ಅಣ್ಣನಿಗೋ ಪಾಲುದಾರನಿಗೋ ಕಳುಹಿಸಬಹುದು, ಹಿಂದಕ್ಕೆ ಹೋಗುವ ಗುಂಡಿ ಸರಿಯಾಗಿ ಕೆಲಸ ಮಾಡುತ್ತದೆ, ಹಳೆಯ ಫೋನಿನಲ್ಲೂ ತೆರೆಯುತ್ತದೆ. ಅಜಾಕ್ಸ್‌ನಲ್ಲಿ ಇವೆಲ್ಲ ತಾವಾಗಿ ಬರುವುದಿಲ್ಲ. ವಿಳಾಸವನ್ನು ಬದಲಿಸಲು ಬ್ರೌಸರಿನ ಇತಿಹಾಸದ ಸೌಲಭ್ಯವನ್ನು ಪ್ರತ್ಯೇಕವಾಗಿ ಬಳಸಬೇಕು. ಪುಟ ಹಗುರವಾಗಿದ್ದು ಸರ್ವರು ಚುರುಕಾಗಿದ್ದರೆ ಪೂರ್ತಿ ಲೋಡ್ ಆಗುವುದು ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಚರ್ಚೆಯಲ್ಲಿ ಈ ಮೂರನೆಯ ಉತ್ತರವನ್ನು ಯಾರೂ ಎತ್ತದಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಆದರೂ ಅಂಗಡಿಯವರು, ಸಂಖ್ಯೆ ಟೈಪ್ ಮಾಡುತ್ತಿದ್ದ ಹಾಗೆಯೇ ಫಲಿತಾಂಶ ಕಾಣಲಿ, ಗುಂಡಿ ಒತ್ತುವುದು ಬೇಡ ಎಂದರು ಎಂದಿಟ್ಟುಕೊಳ್ಳಿ. ಈಗ ಅಜಾಕ್ಸ್ ಬೇಕು, ಮತ್ತು ಅದರ ಅತಿ ಹಳೆಯ ಕಾಯಿಲೆಯೂ ಜೊತೆಗೇ ಬರುತ್ತದೆ. ರೈತ 418 ಎಂದು ಟೈಪ್ ಮಾಡುತ್ತಾನೆ. 4 ಒತ್ತಿದಾಗ ಒಂದು ಕರೆ, 41 ಆದಾಗ ಇನ್ನೊಂದು, 418 ಆದಾಗ ಮೂರನೆಯದು. ಮೂರೂ ಸರ್ವರಿನತ್ತ ಹೋಗುತ್ತವೆ, ಆದರೆ ಹೋದ ಕ್ರಮದಲ್ಲೇ ಮರಳಬೇಕೆಂಬ ನಿಯಮವಿಲ್ಲ. ಮಾರುಕಟ್ಟೆಯ ಜನಜಂಗುಳಿಯಲ್ಲಿ ಮೊಬೈಲ್ ಜಾಲ ಎಳೆದಾಡುತ್ತಿರುವಾಗ 418ರ ಉತ್ತರ ಮೊದಲು ಬಂದು, 41ರ ಉತ್ತರ ತಡವಾಗಿ ಬಂದು ಅದರ ಮೇಲೆ ಕೂರಬಹುದು. ಮೇಲಿನ ಪೆಟ್ಟಿಗೆಯಲ್ಲಿ 418 ಎಂದಿದೆ, ಕೆಳಗೆ ಕಾಣುತ್ತಿರುವುದು 41ನೇ ಲಾಟಿನ ದರ. ತಪ್ಪಿನ ಸಂದೇಶವಿಲ್ಲ, ಕೆಂಪು ಗೆರೆಯಿಲ್ಲ. ಬೇರೆಯವರ ಮಾಲಿನ ದರವನ್ನು ತನ್ನದೆಂದು ನಂಬಿ ಒಬ್ಬ ರೈತ ಅಂಗಡಿಯವರ ಜೊತೆ ವಾದಕ್ಕೆ ನಿಲ್ಲುತ್ತಾನೆ. ಕಚೇರಿಯ ವೇಗದ ಜಾಲದಲ್ಲಿ ಪರೀಕ್ಷಿಸುವಾಗ ಈ ದೋಷ ಕಾಣಿಸಿಕೊಳ್ಳುವುದೇ ಅಪರೂಪ. ಬ್ರೌಸರಿನ ಡೆವಲಪರ್ ಉಪಕರಣಗಳಲ್ಲಿ ಜಾಲವನ್ನು ನಿಧಾನಗೊಳಿಸುವುದರ ಜೊತೆಗೆ, ಪರೀಕ್ಷೆಯ ಸರ್ವರಿನಲ್ಲಿ ಕೆಲವು ಉತ್ತರಗಳನ್ನು ಬೇಕೆಂದೇ ತಡಮಾಡಿ ಕಳುಹಿಸಿದರೆ ಕಾಣುತ್ತದೆ.

ಪರಿಹಾರ ಕಷ್ಟದ್ದಲ್ಲ. ಹೊಸ ಕರೆ ಹೊರಡುವಾಗ ಹಳೆಯದನ್ನು ಬ್ರೌಸರಿನ ಅಬಾರ್ಟ್‌ಕಂಟ್ರೋಲರ್ ಎಂಬ ಸೌಲಭ್ಯದ ಮೂಲಕ ರದ್ದು ಮಾಡಬಹುದು. ಅಥವಾ ಪ್ರತಿ ಕರೆಗೆ ಏರುವ ಸಂಖ್ಯೆಯೊಂದನ್ನು ಕೊಟ್ಟು, ಉತ್ತರ ಬಂದಾಗ ಅದು ಕೊನೆಯ ಸಂಖ್ಯೆಯದಾದರೆ ಮಾತ್ರ ಸ್ವೀಕರಿಸಬಹುದು. ಇದರ ಜೊತೆಗೆ ಕೊನೆಯ ಅಂಕಿ ಒತ್ತಿ ಸುಮಾರು 300 ಮಿಲಿಸೆಕೆಂಡ್ ಕಾದು ಕರೆ ಮಾಡಿದರೆ ಸರ್ವರಿನ ಮೇಲಿನ ಹೊರೆಯೂ ತಗ್ಗುತ್ತದೆ. ಆದರೆ ಕಾಯುವುದೊಂದೇ ಪರಿಹಾರವಾಗದು, ಏಕೆಂದರೆ ಅದು ಅದಲುಬದಲಾಗುವ ಸಂಭವವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಕಾಂಪೊನೆಂಟ್ ಬಳಸಿದರೆ ಈ ಕಾಯಿಲೆ ತಾನಾಗಿ ವಾಸಿಯಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ, ಅದು ಸುಳ್ಳು. ರಿಯಾಕ್ಟ್‌ನಲ್ಲಿ ತೆರೆ ಬಿಡಿಸಿದ ಮೇಲೆ ಓಡುವ ಯೂಸ್‌ಎಫೆಕ್ಟ್ ಒಳಗಿಂದ ಕರೆ ಮಾಡಿ, ಹಳೆಯ ಕರೆಯನ್ನು ಕಡೆಗಣಿಸುವ ಶುಚಿಗೊಳಿಸುವ ಫಂಕ್ಷನ್ ಬರೆಯದೆ ಬಿಟ್ಟರೆ ಇದೇ ತಪ್ಪು ಇದೇ ರೀತಿ ನಡೆಯುತ್ತದೆ.

ಫೆಚ್‌ನ ಇನ್ನೊಂದು ಗುಣವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಜಾಲ ಕಡಿದುಹೋಗಿಯೋ ಕರೆಯನ್ನು ರದ್ದು ಮಾಡಿಯೋ ಉತ್ತರವೇ ಕೈಗೆ ಸಿಗದಂತಾದರೆ ಮಾತ್ರ ಅದು ಕರೆ ವಿಫಲವಾಯಿತೆಂದು ಹೇಳುತ್ತದೆ. ಸರ್ವರು 404 (ಕೇಳಿದ್ದು ಸಿಗಲಿಲ್ಲ) ಎಂದರೂ 500 (ಸರ್ವರಿನಲ್ಲೇ ದೋಷ) ಎಂದರೂ ಅದರ ಲೆಕ್ಕದಲ್ಲಿ ಉತ್ತರ ಬಂದಂತೆಯೇ. ಆ ಸಂಖ್ಯೆಯನ್ನು ನಾವೇ ಪರೀಕ್ಷಿಸಬೇಕು. ಇದರಿಂದ ಹುಟ್ಟುವ ಒಂದು ದೃಶ್ಯ ಈ ಕೆಲಸ ಮಾಡಿದವರಿಗೆಲ್ಲ ಪರಿಚಿತ. ಗುಮಾಸ್ತರು ಪುಟವನ್ನು ತೆರೆದಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಸೆಷನ್ ಅವಧಿ ಮುಗಿದಿರುತ್ತದೆ. ಬಂದು ಒಂದು ಲಾಟ್ ಹುಡುಕುತ್ತಾರೆ. ಸರ್ವರು ಲಾಗಿನ್ ಪುಟದ ಕಡೆ ತಿರುಗಿಸುತ್ತದೆ. ಫೆಚ್ ಆ ತಿರುವನ್ನು ಸದ್ದಿಲ್ಲದೆ ಅನುಸರಿಸಿ, 200 ಎಂಬ ಶುಭಸೂಚನೆಯೊಂದಿಗೆ ಲಾಗಿನ್ ಪುಟವನ್ನೇ ತಂದು ಕೊಡುತ್ತದೆ. ನಮ್ಮ ಕೋಡ್ ಅದನ್ನು ವಿಧೇಯವಾಗಿ ಫಲಿತಾಂಶದ ಚೌಕದೊಳಗೆ ತುಂಬುತ್ತದೆ. ಬೆರಳೆರಡರ ಅಗಲದ ಚೌಕದಲ್ಲಿ ಲಾಂಛನ, ಬಳಕೆದಾರರ ಹೆಸರಿನ ಪೆಟ್ಟಿಗೆ, ಪಾಸ್‌ವರ್ಡ್ ಪೆಟ್ಟಿಗೆ ಎಲ್ಲ ಒತ್ತಿಕೊಂಡು ಕೂತಿರುತ್ತವೆ. ಅಜಾಕ್ಸ್ ಮೂಲಕ ಬರುವ ಕರೆಗಳಿಗೆ ಸರ್ವರು ತಿರುವಿನ ಬದಲು 401 (ಲಾಗಿನ್ ಆಗಿಲ್ಲ) ಎಂಬ ಉತ್ತರ ಕೊಡುವಂತೆ ಮಾಡಿ, ಅದನ್ನು ಕಂಡಾಗ ಇಡೀ ಪುಟವನ್ನು ಲಾಗಿನ್‌ಗೆ ಒಯ್ಯುವುದು ಸರಿಯಾದ ಕ್ರಮ. ಅದನ್ನು ಪ್ರತಿ ಕರೆಯಲ್ಲೂ ಬರೆಯದೆ, ಎಲ್ಲ ಕರೆಗಳೂ ಹಾದುಹೋಗುವ ಒಂದೇ ಫಂಕ್ಷನ್‌ನಲ್ಲಿ ಇಡಬೇಕು.

ಈಗ ಎರಡನೆಯ ಪುಟಕ್ಕೆ ಬರೋಣ. ಒಬ್ಬ ರೈತನ ಐದು ಲಾಟುಗಳು ತೆರೆಯ ಮೇಲಿವೆ. ಅವುಗಳಲ್ಲೊಂದು 12 ಚೀಲದ್ದು, ದರ ಕ್ವಿಂಟಲಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಗುಮಾಸ್ತರು ತೂಕವನ್ನು 5.04 ಕ್ವಿಂಟಲ್ ಎಂದು ಬರೆದಿದ್ದಾರೆ. ಚೀಟಿ ನೋಡಿದರೆ ಅದು 5.40. ತಿದ್ದುತ್ತಾರೆ. ಆ ಲಾಟಿನ ಮೌಲ್ಯ 90,720ರಿಂದ 97,200ಕ್ಕೆ ಏರಬೇಕು. ಒಟ್ಟು ತೂಕ ಬದಲಾಗಬೇಕು, ಒಟ್ಟು ಮೌಲ್ಯ ಬದಲಾಗಬೇಕು, ಮುಂಗಡ ಕಳೆದು ರೈತನ ಕೈಗೆ ಬರುವ ಮೊತ್ತ ಬದಲಾಗಬೇಕು. ಆ ಲಾಟ್ ಕೊಂಡ ಖರೀದಿದಾರರ ಬಿಲ್ಲಿನಲ್ಲಿ ಮೌಲ್ಯವೂ, ಅದರ ಮೇಲೆ ನಿಂತ ದಲಾಲಿ ಮತ್ತು ಮಾರುಕಟ್ಟೆ ಶುಲ್ಕವೂ ಬದಲಾಗಬೇಕು. ಪಕ್ಕದಲ್ಲಿ, ಉಳಿದ ಲಾಟುಗಳಿಗೆ ಹೋಲಿಸಿದರೆ ಚೀಲದ ಸರಾಸರಿ ತೂಕ ತೀರ ಕಡಿಮೆ ಎಂದು ಎಚ್ಚರಿಸುತ್ತಿದ್ದ ಸೂಚನೆ ಮಾಯವಾಗಬೇಕು. ಇಷ್ಟಕ್ಕೂ ಇನ್ನೂ ಏನನ್ನೂ ಉಳಿಸಿಲ್ಲ. ಗುಮಾಸ್ತರು ಉಳಿಸು ಎಂದು ಒತ್ತುವ ತನಕ ಇವೆಲ್ಲ ಕರಡು, ಸರ್ವರಿಗೆ ಇದರ ಸುದ್ದಿಯೇ ಇಲ್ಲ.

ಇದನ್ನು ಕರೆ ಮತ್ತು ಜೇಕ್ವೆರಿಯಿಂದಲೇ ಕಟ್ಟಲು ಸಾಧ್ಯ, ಕಟ್ಟಿದವರೂ ಇದ್ದಾರೆ. ತೂಕದ ಪೆಟ್ಟಿಗೆ ಬದಲಾದಾಗ ಓಡುವ ಫಂಕ್ಷನ್ ಒಂದು, ಅದು ಮೌಲ್ಯದ ಕೋಶವನ್ನು ತಿದ್ದುತ್ತದೆ, ಆಮೇಲೆ ಮೊತ್ತದ ಕೋಶವನ್ನು, ಆಮೇಲೆ ಬಿಲ್ಲಿನ ಕೋಶವನ್ನು. ದರ ಬದಲಾದಾಗ ಇನ್ನೊಂದು ಫಂಕ್ಷನ್, ಲಾಟ್ ತೆಗೆದುಹಾಕಿದಾಗ ಮತ್ತೊಂದು, ಖರೀದಿದಾರರನ್ನು ಬದಲಿಸಿದಾಗ ಮಗದೊಂದು. ಎಲ್ಲಕ್ಕಿಂತ ಅಪಾಯದ ಸಂಗತಿಯೆಂದರೆ, ಮೊತ್ತ ಬೇಕಾದಾಗ ಆ ಕೋಡ್ ಅದನ್ನು ತೆರೆಯ ಮೇಲಿನ ಕೋಶದಿಂದಲೇ ಓದುತ್ತದೆ. ಅಲ್ಪವಿರಾಮ ಹಾಕಿ ಬರೆದ 97,200 ಎಂಬ ಪಠ್ಯವನ್ನು ಮತ್ತೆ ಸಂಖ್ಯೆ ಮಾಡಲು ಹೋಗಿ 97 ಎಂದು ಓದುವುದುಂಟು. ಅಂದರೆ ಪುಟವೇ ಲೆಕ್ಕದ ಪುಸ್ತಕವಾಗಿಬಿಟ್ಟಿದೆ. ಅಂಗಡಿಯ ಕಿರ್ದಿ ಮತ್ತು ಖಾತೆಯ ಪದ್ಧತಿಯನ್ನು ಬಲ್ಲವರಿಗೆ ಇಲ್ಲಿ ಏನು ಕೆಟ್ಟಿತು ಎಂದು ಬೇಗ ತಿಳಿಯುತ್ತದೆ: ವ್ಯವಹಾರ ನಡೆದಂತೆ ಒಂದೇ ಸಲ ಕಿರ್ದಿಯಲ್ಲಿ ಬರೆದು, ಖಾತೆಗಳನ್ನು ಅದರಿಂದಲೇ ಏರಿಸಬೇಕು, ಕಿರ್ದಿಯನ್ನು ಮುಟ್ಟದೆ ಬೇರೆ ಬೇರೆ ಖಾತೆಗಳನ್ನು ನೇರವಾಗಿ ತಿದ್ದುತ್ತ ಹೋದರೆ ವರ್ಷದ ಕೊನೆಗೆ ತಾಳೆ ಬೀಳುವುದಿಲ್ಲ.

ಬ್ರೌಸರಿನ ಕಾಂಪೊನೆಂಟುಗಳು ಜಾರಿಗೆ ತಂದಿರುವುದು ಈ ಪದ್ಧತಿಯನ್ನೇ. ಲಾಟುಗಳ ತೂಕ, ದರ, ಖರೀದಿದಾರ, ಮುಂಗಡ ಇವಷ್ಟೇ ಸ್ಥಿತಿ. ಅವು ಒಂದೇ ಕಡೆ ಇರುತ್ತವೆ. ಮೌಲ್ಯ, ಮೊತ್ತ, ಬಿಲ್ಲು, ಎಚ್ಚರಿಕೆ ಯಾವುದನ್ನೂ ಪ್ರತ್ಯೇಕವಾಗಿ ಶೇಖರಿಸುವುದಿಲ್ಲ, ಸ್ಥಿತಿಯಿಂದ ಆಗಾಗಲೇ ಲೆಕ್ಕ ಹಾಕಿ ತೋರಿಸಲಾಗುತ್ತದೆ. ಪ್ರೋಗ್ರಾಮರ್ ಬರೆಯುವುದು ಇಂಥ ಸ್ಥಿತಿಯಿದ್ದರೆ ತೆರೆ ಹೀಗಿರಬೇಕು ಎಂಬ ವಿವರಣೆಯನ್ನು. ಸ್ಥಿತಿ ಬದಲಾದಾಗ ಹಳೆಯ ತೆರೆಗೂ ಹೊಸ ತೆರೆಗೂ ಇರುವ ವ್ಯತ್ಯಾಸವನ್ನು ಕಂಡುಹಿಡಿದು ಅಷ್ಟನ್ನೇ ಬದಲಿಸುವುದು ಫ್ರೇಮ್‌ವರ್ಕಿನ ಪಾಡು. ತೂಕ ತಿದ್ದಿದ ಕೂಡಲೇ ಎಲ್ಲ ಕೋಶಗಳೂ ಒಟ್ಟಿಗೆ ಸರಿಯಾಗುತ್ತವೆ, ಏಕೆಂದರೆ ಅವುಗಳಲ್ಲಿ ಯಾವುದಕ್ಕೂ ಸ್ವಂತ ನೆನಪಿಲ್ಲ. ನಾಳೆ ಅಂಗಡಿಯವರು ಇನ್ನೊಂದು ಮೊತ್ತವನ್ನು ಮೇಲ್ಗಡೆ ತೋರಿಸಿ ಎಂದರೆ ಹಳೆಯ ನಾಲ್ಕು ಫಂಕ್ಷನ್‌ಗಳನ್ನು ಹುಡುಕಿ ತಿದ್ದುವ ಗೋಜಿಲ್ಲ. ಇಷ್ಟಾದರೂ ಮೊತ್ತವನ್ನೂ ಬೇರೆ ಸ್ಥಿತಿಯಾಗಿ ಇಟ್ಟುಕೊಂಡು ಎರಡನ್ನೂ ಹೊಂದಿಸಲು ಹೆಣಗುವ ರಿಯಾಕ್ಟ್ ಕೋಡ್ ಧಾರಾಳವಾಗಿ ಸಿಗುತ್ತದೆ. ಫ್ರೇಮ್‌ವರ್ಕ್ ಬದಲಾದರೂ ಅಭ್ಯಾಸ ಬದಲಾಗಿರುವುದಿಲ್ಲ.

ಈ ಅನುಕೂಲಕ್ಕೆ ಬೆಲೆಯಿದೆ. ರಿಯಾಕ್ಟ್ 18 ಮತ್ತು ತೆರೆಯ ಮೇಲೆ ಬಿಡಿಸುವ ಅದರ ಡಾಮ್ ಭಾಗ ಸಂಕುಚಿಸಿದ ಮೇಲೂ 40 ಕೆಬಿಗಿಂತ ತುಸು ಹೆಚ್ಚಾಗುತ್ತದೆ. ಅದೊಂದೇ ಆದರೆ ದೊಡ್ಡ ಮಾತಲ್ಲ, ಆದರೆ ಅದರ ಬೆನ್ನಿಗೆ ವಿಳಾಸ ನೋಡಿ ಪುಟ ಬದಲಿಸುವ ರೌಟರ್, ಫಾರಂ ಲೈಬ್ರರಿ, ದಿನಾಂಕದ ಲೈಬ್ರರಿ, ಸಿದ್ಧ ಗುಂಡಿ-ಪೆಟ್ಟಿಗೆಗಳ ಕಟ್ಟು ಎಲ್ಲ ಬರುತ್ತವೆ. ಇಳಿಸಿಕೊಂಡದ್ದನ್ನು ಫೋನು ಓದಿ ಅರ್ಥಮಾಡಿಕೊಂಡು ಓಡಿಸಬೇಕು, ಕಡಿಮೆ ಬೆಲೆಯ ಫೋನಿನಲ್ಲಿ ಅದಕ್ಕೇ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ತೆರೆ ಖಾಲಿ. ಇದನ್ನು ತಪ್ಪಿಸಲು ಮೊದಲ ಪುಟವನ್ನು ಸರ್ವರಿನಲ್ಲೇ ಕಟ್ಟಿಸಬಹುದು, ಆದರೆ ಆಗ ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬೇಕು, ಪಿಎಚ್‌ಪಿ ಮಾತ್ರ ಓಡುವ ಅಗ್ಗದ ಹೋಸ್ಟಿಂಗಿನಲ್ಲಿ ಅದು ಆಗುವುದಿಲ್ಲ. ಗುಮಾಸ್ತರ ಮೇಜಿನ ಕಂಪ್ಯೂಟರಿಗೆ ಇವೆಲ್ಲ ಲೆಕ್ಕಕ್ಕಿಲ್ಲ, ಬೆಳಿಗ್ಗೆ ಒಮ್ಮೆ ತೆರೆದ ಪುಟ ಸಂಜೆಯ ತನಕ ಇರುತ್ತದೆ. ಅಂಗಡಿಯ ಮುಂದೆ ನಿಂತ ರೈತನ ಫೋನಿಗೆ ಇವೇ ಮುಖ್ಯ. ಒಂದೇ ಆ್ಯಪಿನ ಎರಡು ಪುಟಗಳಿಗೆ ಎರಡು ಉತ್ತರ ಇರಬಹುದು ಎಂಬುದನ್ನು ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಆಯುಸ್ಸಿನ ಪ್ರಶ್ನೆಯೂ ಇದೆ. ಆ್ಯಂಗ್ಯುಲರ್‌ಜೆಎಸ್‌ಗೆ ಗೂಗಲ್ ಕೊಡುತ್ತಿದ್ದ ಬೆಂಬಲ 2021ರ ಡಿಸೆಂಬರ್ 31ಕ್ಕೆ ನಿಂತಿತು. ಅದರಲ್ಲಿ ಕಟ್ಟಿದ ಆ್ಯಪುಗಳನ್ನು ಹೊಸ ಆ್ಯಂಗ್ಯುಲರ್‌ಗೆ ಒಯ್ಯುವುದೆಂದರೆ ಬಹುಮಟ್ಟಿಗೆ ಮತ್ತೆ ಬರೆಯುವುದೇ ಆಗಿತ್ತು. ಬ್ರೌಸರಿನ ಸ್ವಂತ ಸೌಲಭ್ಯಗಳನ್ನು ನೆಚ್ಚಿ ಬರೆದ ಸಾದಾ ಕರೆಗಳಿಗೆ ಅಂಥ ಗಡುವು ಬರುವುದಿಲ್ಲ. ಅಂಗಡಿಯವರು ಒಂದು ಸಲ ದುಡ್ಡು ಕೊಟ್ಟು ಎಂಟು-ಹತ್ತು ವರ್ಷ ಬಳಸುವ ಸಾಫ್ಟ್‌ವೇರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಸರ್ವರಿನಲ್ಲಿ ಬದುಕುವ ಕಾಂಪೊನೆಂಟುಗಳ ಖರ್ಚು ಇನ್ನೂ ಗುಪ್ತವಾದದ್ದು, ಹೊಸಬರು ಹೆಚ್ಚು ಎಡವುವುದು ಇಲ್ಲೇ. ಅಪ್‌ಡೇಟ್‌ಪ್ಯಾನೆಲ್ ಬಳಸಿದ ಪುಟ ನೋಡಲು ಅಜಾಕ್ಸ್‌ನಂತೆಯೇ ಇರುತ್ತದೆ; ಪುಟ ಮಿನುಗುವುದಿಲ್ಲ, ಒಂದು ಭಾಗ ಮಾತ್ರ ಬದಲಾಗುತ್ತದೆ. ಆದರೆ ಒಳಗೆ ನಡೆಯುವುದೇನೆಂದರೆ, ಬ್ರೌಸರು ಇಡೀ ಫಾರಂ ಅನ್ನು, ಪುಟದ ಕಂಟ್ರೋಲುಗಳ (ಪೆಟ್ಟಿಗೆ, ಗುಂಡಿ, ಕೋಷ್ಟಕ) ಸ್ಥಿತಿಯನ್ನು ಹೊತ್ತ ವ್ಯೂಸ್ಟೇಟ್ ಎಂಬ ಅಡಗಿಸಿದ ಗಂಟಿನ ಸಮೇತ, ಸರ್ವರಿಗೆ ಕಳುಹಿಸುತ್ತದೆ. ಸರ್ವರು ಪುಟದ ಎಲ್ಲ ಕಂಟ್ರೋಲುಗಳನ್ನು ಹೊಸದಾಗಿ ಹುಟ್ಟಿಸಿ, ಅವುಗಳ ಹಳೆಯ ಸ್ಥಿತಿ ತುಂಬಿ, ಪುಟದ ಪೂರ್ಣ ಜೀವನಚಕ್ರವನ್ನು ನಡೆಸಿ, ಕೊನೆಗೆ ಆ ಪ್ಯಾನೆಲಿನ ಎಚ್‌ಟಿಎಂಎಲ್ ಮತ್ತು ಹೊಸ ವ್ಯೂಸ್ಟೇಟ್ ಹಿಂದಿರುಗಿಸುತ್ತದೆ. ನೂರಾರು ಸಾಲುಗಳ ಲಾಟ್ ಪಟ್ಟಿ ಪುಟದಲ್ಲಿದ್ದರೆ ವ್ಯೂಸ್ಟೇಟ್ ಬಹಳ ದಪ್ಪವಾಗುತ್ತದೆ. ಒಂದು ಸಾಲಿನ ಗುರುತು ಬದಲಿಸಲು ಅಷ್ಟೂ ಗಂಟು ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತದೆ. ಮೊಬೈಲ್ ಜಾಲದಲ್ಲಿ ಮೇಲಕ್ಕೆ ಕಳುಹಿಸುವ ವೇಗ ಸಾಮಾನ್ಯವಾಗಿ ಕಡಿಮೆಯೇ ಇರುವುದರಿಂದ ಕಾಯುವಿಕೆ ಅಲ್ಲಿ ಹುಟ್ಟುತ್ತದೆ. ಇದೇ ಕೆಲಸಕ್ಕೆ ಕೈಯಿಂದ ಬರೆದ ಕರೆ ಲಾಟ್ ಸಂಖ್ಯೆ ಮತ್ತು ಹೊಸ ಗುರುತು, ಇವೆರಡನ್ನೇ ಒಯ್ಯುತ್ತದೆ.

ಒಂದರ ಹಿಂದೊಂದು ಕರೆಗಳು ಬಂದಾಗ ಈ ಚೌಕಟ್ಟುಗಳು ನಡೆದುಕೊಳ್ಳುವ ರೀತಿಯನ್ನೂ ತಿಳಿದಿರಬೇಕು. ಅಪ್‌ಡೇಟ್‌ಪ್ಯಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಕರೆ ನಡೆಯಬಲ್ಲದು, ಹೊಸದು ಹೊರಟರೆ ಹಳೆಯದರ ಉತ್ತರವನ್ನು ಬ್ರೌಸರು ಕೈಬಿಡುತ್ತದೆ. ಸರ್ವರು ಆ ಹಳೆಯ ಕೆಲಸವನ್ನು ಮಾಡಿ ಮುಗಿಸಿದ್ದರೂ ತೆರೆಗೆ ಅದು ಗೊತ್ತಾಗುವುದಿಲ್ಲ. ಜೆಎಸ್‌ಎಫ್ ಅವನ್ನು ಸಾಲಿನಲ್ಲಿ ನಿಲ್ಲಿಸಿ ಒಂದಾದ ಮೇಲೆ ಒಂದನ್ನು ಕಳುಹಿಸುತ್ತದೆ, ಅಲ್ಲಿ ಏನೂ ಕಳೆದುಹೋಗುವುದಿಲ್ಲ, ತಡವಾಗುತ್ತದೆ. ಜೆಎಸ್‌ಎಫ್‌ನ ಟ್ಯಾಗ್‌ನಲ್ಲಿ ಏನನ್ನು ಕಳುಹಿಸಬೇಕು, ಯಾವ ಭಾಗವನ್ನು ಮತ್ತೆ ಬಿಡಿಸಬೇಕು ಎಂದು ಹೇಳುವ ಎರಡು ಗುಣಲಕ್ಷಣಗಳಿವೆ. ಹೇಳದೆ ಬಿಟ್ಟರೆ ಆ ಒಂದು ಪೆಟ್ಟಿಗೆಯಷ್ಟೇ ಹೋಗುತ್ತದೆ, ತೆರೆಯ ಮೇಲೆ ಏನೂ ಬದಲಾಗುವುದಿಲ್ಲ. ಕೆಲಸವೇ ಆಗುತ್ತಿಲ್ಲ ಎಂದು ಪರದಾಡುವವರು ಮೊದಲು ನೋಡಬೇಕಾದದ್ದು ಅದನ್ನು. ಹಾಗೆಂದು ಇವುಗಳನ್ನು ತಳ್ಳಿಹಾಕಬೇಕಿಲ್ಲ. ಕಚೇರಿಯೊಳಗಿನ ಜಾಲದಲ್ಲಿ, ಗೊತ್ತಿರುವ ಹತ್ತಿಪ್ಪತ್ತು ಬಳಕೆದಾರರಿಗೆ, ಜಾವಾ ಬಲ್ಲ ಆದರೆ ಜಾವಾಸ್ಕ್ರಿಪ್ಟ್ ಬಾರದ ತಂಡ ಬರೆಯುವ ದಾಖಲೆಯ ಫಾರಂಗಳಿಗೆ ಇವು ಇಂದಿಗೂ ಸರಿಹೊಂದುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಎರಡರ ನಡುವಿನ ದಾರಿಯೊಂದು ಮತ್ತೆ ಜೀವ ಪಡೆದಿದೆ. 2020ರಲ್ಲಿ ಬಂದ ಎಚ್‌ಟಿಎಂಎಕ್ಸ್‌ನಲ್ಲಿ ಟ್ಯಾಗಿನ ಮೇಲೆಯೇ ಯಾವ ವಿಳಾಸಕ್ಕೆ ಕರೆ ಮಾಡಬೇಕು, ಬಂದ ತುಣುಕನ್ನು ಎಲ್ಲಿ ಇಡಬೇಕು ಎಂದು ಬರೆಯಲಾಗುತ್ತದೆ. ಸರ್ವರು ಎಚ್‌ಟಿಎಂಎಲ್ಲನ್ನೇ ಕಳುಹಿಸುತ್ತದೆ. ನಮ್ಮ ಮೊದಲನೆಯ ಪುಟಕ್ಕೆ ಇದು ಹೇಳಿ ಮಾಡಿಸಿದಂತಿದೆ. ಬ್ಲೇಜರ್ ಸರ್ವರ್, ಫೀನಿಕ್ಸ್ ಲೈವ್‌ವ್ಯೂಗಳಂಥವು ಸ್ಥಿತಿಯನ್ನು ಸರ್ವರಿನಲ್ಲೇ ಇಟ್ಟು, ಬ್ರೌಸರಿನ ಜೊತೆ ಸದಾ ತೆರೆದ ಸಂಪರ್ಕದ ಮೂಲಕ ವ್ಯತ್ಯಾಸಗಳನ್ನು ಕಳುಹಿಸುತ್ತವೆ. ಬರೆಯಲು ಇವು ಹಿತವಾಗಿವೆ, ಆದರೆ ಪ್ರತಿ ಸ್ಪರ್ಶಕ್ಕೂ ಸಂಪರ್ಕ ಬೇಕು. ಸಿಗ್ನಲ್ ಬಂದು ಹೋಗಿ ಮಾಡುವ ಕಡೆ ಮೊತ್ತ ಕೂಡಿಸುವುದಕ್ಕೂ ಸರ್ವರಿನ ದಾರಿ ಕಾಯಬೇಕಾಗುತ್ತದೆ.

ಎರಡರಲ್ಲಿ ಯಾವುದನ್ನು ಆರಿಸಿದರೂ ಲೆಕ್ಕದ ಕೊನೆಯ ಮಾತು ಸರ್ವರಿನದೇ. ಬ್ರೌಸರು ಹಾಕಿದ ಮೊತ್ತ ಗುಮಾಸ್ತರ ಕಣ್ಣಿಗೆ ಮಾತ್ರ. ಉಳಿಸುವಾಗ ಸರ್ವರು ತೂಕ ಮತ್ತು ದರದಿಂದ ಅದನ್ನು ತಾನೇ ಮತ್ತೆ ಕೂಡಿಸಬೇಕು, ಬಂದ ಮೊತ್ತವನ್ನು ನಂಬಬಾರದು. ಉಳಿಸು ಗುಂಡಿಯನ್ನು ಅವಸರದಲ್ಲಿ ಎರಡು ಸಲ ಒತ್ತಿದರೆ ಎರಡು ಪಟ್ಟಿ ಹುಟ್ಟದಂತೆ, ಪುಟ ತೆರೆದಾಗಲೇ ಪಟ್ಟಿಗೊಂದು ಗುರುತು ಕೊಟ್ಟು, ಅದೇ ಗುರುತು ಎರಡನೆಯ ಸಲ ಬಂದರೆ ಮೊದಲಿನ ಉತ್ತರವನ್ನೇ ಹಿಂದಿರುಗಿಸಬೇಕು. ಗುಂಡಿಯನ್ನು ಮಂಕಾಗಿಸುವುದು ಅಂದಕ್ಕೆ ಸರಿ, ರಕ್ಷಣೆಗೆ ಸಾಲದು.

ಹೊಸ ಕೆಲಸ ಬಂದಾಗ ನಾನು ಮೊದಲು ಕೇಳುವುದು, ಒಂದು ಅಂಕಿಯನ್ನು ತಿದ್ದಿದರೆ ತೆರೆಯ ಮೇಲೆ ಎಷ್ಟು ಜಾಗಗಳು ಒಟ್ಟಿಗೆ ಬದಲಾಗಬೇಕು ಎಂದು. ಒಂದೋ ಎರಡೋ ಆದರೆ ಕರೆ ಸಾಕು. ಅದಕ್ಕಿಂತ ಹೆಚ್ಚಾಗಿ, ಉಳಿಸದ ಕರಡು ಬ್ರೌಸರಿನಲ್ಲಿ ಬಹಳ ಹೊತ್ತು ಇರುವಂತಿದ್ದರೆ ಕಾಂಪೊನೆಂಟ್ ತನ್ನ ಖರ್ಚನ್ನು ತೀರಿಸುತ್ತದೆ. ಬಳಸುವವರ ಫೋನು ಯಾವುದು, ಮುಂದೆ ಇದನ್ನು ನೋಡಿಕೊಳ್ಳುವವರಿಗೆ ಏನು ಬರುತ್ತದೆ ಎಂಬುವು ಆಮೇಲಿನ ಪ್ರಶ್ನೆಗಳು, ಆದರೆ ಕೆಲವೊಮ್ಮೆ ಅವೇ ತೀರ್ಪನ್ನು ತಿರುಗಿಸುತ್ತವೆ. ಫ್ರೇಮ್‌ವರ್ಕ್ ಬಲ್ಲ ಒಬ್ಬನೇ ಹುಡುಗ ಬೆಂಗಳೂರಿನ ಕೆಲಸ ಸಿಕ್ಕು ಹೊರಟುಹೋದರೆ ಆ ಕೋಡನ್ನು ಮುಟ್ಟುವವರು ಇರುವುದಿಲ್ಲ. ಹುಬ್ಬಳ್ಳಿಯ ಕಚೇರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಚ್ಚಿನ ಸಂದರ್ಭಗಳಲ್ಲಿ ಆಯ್ಕೆ ಖಾಲಿ ಹಾಳೆಯ ಮೇಲೆ ನಡೆಯುವುದಿಲ್ಲ. ಜೇಕ್ವೆರಿಯ ಹಳೆಯ ಆ್ಯಪ್ ಓಡುತ್ತಿರುತ್ತದೆ, ಅದರ ಒಂದು ಪುಟ ಮಾತ್ರ ಕೈಮೀರಿರುತ್ತದೆ. ಆಗ ಇಡೀ ಆ್ಯಪನ್ನು ಕೆಡವದೆ, ಪಟ್ಟಿಯ ಕೋಷ್ಟಕವಿರುವ ಒಂದು ಡಿವ್ (ಪುಟದ ಒಂದು ಚೌಕ) ಅನ್ನು ಮಾತ್ರ ರಿಯಾಕ್ಟ್‌ಗೋ ವ್ಯೂಗೋ ಒಪ್ಪಿಸಬಹುದು. ಸರ್ವರು ಆರಂಭದ ದತ್ತಾಂಶವನ್ನು ಜೇಸನ್ ರೂಪದಲ್ಲಿ ಪುಟದಲ್ಲೇ ಇಟ್ಟರೆ ಮೊದಲ ಕರೆಯೂ ಬೇಕಾಗುವುದಿಲ್ಲ. ಗಡಿಯನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು. ಆ ಡಿವ್‌ನ ಒಳಗೆ ಜೇಕ್ವೆರಿ ಕೈಹಾಕಿ ಒಂದು ಸಾಲನ್ನು ತೆಗೆದರೆ ಫ್ರೇಮ್‌ವರ್ಕಿಗೆ ಅದು ತಿಳಿಯುವುದಿಲ್ಲ, ಮುಂದಿನ ಬದಲಾವಣೆಯಲ್ಲಿ ಇಲ್ಲದ ಸಾಲನ್ನು ಹುಡುಕಿ ದೋಷ ಎಸೆಯುತ್ತದೆ. ದಿನಾಂಕ ಆರಿಸುವ ಹಳೆಯ ಪ್ಲಗಿನ್‌ಗಳು ಪೆಟ್ಟಿಗೆಯ ಸುತ್ತ ತಮ್ಮದೇ ಟ್ಯಾಗ್ ಸೇರಿಸುವುದರಿಂದ ಅವನ್ನೂ ಒಳಗೆ ಬಿಡಬಾರದು. ಇನ್ನು ಹೊರಗಿನ ಅಜಾಕ್ಸ್ ಕರೆಯೊಂದು ಆ ಡಿವ್ ಇರುವ ಇಡೀ ಭಾಗವನ್ನೇ ಹೊಸ ಎಚ್‌ಟಿಎಂಎಲ್‌ನಿಂದ ತುಂಬುವಂತಿದ್ದರೆ, ತುಂಬುವ ಮೊದಲು ಕಾಂಪೊನೆಂಟನ್ನು ಅನ್‌ಮೌಂಟ್ ಮಾಡಬೇಕು, ಅಂದರೆ ಫ್ರೇಮ್‌ವರ್ಕಿನ ಮೂಲಕವೇ ಕಳಚಬೇಕು. ಮಾಡದೆ ಹೋದರೆ, ಆಗಾಗ ಕರೆ ಮಾಡುವ ಟೈಮರು ಆ ಕಾಂಪೊನೆಂಟಿನಲ್ಲಿದ್ದಲ್ಲಿ, ತೆರೆಯಿಂದ ಅಳಿಸಿಹೋದ ಮೇಲೂ ಅದು ಪುಟ ಮುಚ್ಚುವ ತನಕ ಸರ್ವರಿಗೆ ಕರೆ ಮಾಡುತ್ತಲೇ ಇರುತ್ತದೆ.